ಜಗಲಿಯ ಸೇವಂತಿಗೆ ಯಾಕೆ ಮೊಗ್ಗು ಬಿಡಲಿಲ್ಲ?

ಗಿಡ ಸೊಂಪಾಗಿ ಬೆಳೆದಿದೆ, ಎಲೆ ಕಡು ಹಸಿರು, ಹುಳ ಇಲ್ಲ, ರೋಗ ಇಲ್ಲ. ಆದ್ರೆ ಒಂದು ಮೊಗ್ಗೂ ಇಲ್ಲ. ನಿಮ್ಮ ಮನೆ ಸೇವಂತಿಗೆ ಹೀಗಿದ್ದರೆ, ಗೊಬ್ಬರ ಹಾಕೋ ಮೊದಲು ಇದನ್ನು ಓದಿ.

ಹೊಲಕ್ಕೆ ನಾಟಿ ಮಾಡಿ ಉಳಿದ ಒಂದು ಸಸಿಯನ್ನು ಕುಂಡದಲ್ಲಿ ನೆಟ್ಟು ಜಗಲಿ ಮೇಲೆ ಇಟ್ಟಿದ್ದೆ. ಅಕ್ಟೋಬರ್‌ನಲ್ಲಿ ಹೊಲದ ಗಿಡಗಳು ಮೊಗ್ಗು ಬಿಟ್ಟವು, ಕುಂಡದ್ದು ಬರೀ ಎಲೆ. ಯೂರಿಯಾ ಕೊಟ್ಟೆ. ಎಲೆ ಇನ್ನೂ ದೊಡ್ಡದಾಯ್ತು, ಅಷ್ಟೇ.

"ರಾತ್ರಿಯೆಲ್ಲ ಬಲ್ಬ್ ಉರೀತಿದ್ರೆ ಗಿಡ ಮಲಗೋದು ಯಾವಾಗಪ್ಪ?" ಅಂದ್ರು ಅಮ್ಮ. ನಕ್ಕು ಸುಮ್ಮನಾದೆ. ಮರುದಿನ ಹೊಲದಲ್ಲಿ ನೋಡಿದರೆ, ಪಂಪ್ ಮನೆ ಪಕ್ಕದ ಎರಡು ಸಾಲೂ ಮೊಗ್ಗಿಲ್ಲದೆ ನಿಂತಿದ್ದವು. ಅಲ್ಲೂ ರಾತ್ರಿಯಿಡೀ ಬಲ್ಬ್ ಉರಿಯುತ್ತಿತ್ತು. ದೀಪಾವಳಿ ಮಾರುಕಟ್ಟೆಗೆ ಆ ಸಾಲುಗಳಿಂದ ಒಂದು ಮಾರು ಹೂವೂ ಸಿಗಲಿಲ್ಲ.

ಕಾರಣ ಏನು?

ಸೇವಂತಿಗೆ ಮೊಗ್ಗು ಕಟ್ಟಲು ರಾತ್ರಿ ಉದ್ದವಾಗಿರಬೇಕು, ಕತ್ತಲೆ ನಡುವೆ ಕಡಿಯಬಾರದು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವಸ್ತು ಬೆಳಕನ್ನು ಗುರುತಿಸುತ್ತದೆ. ನಡುರಾತ್ರಿ ಬೆಳಕು ಬಿದ್ದರೂ ಸಾಕು, ಒಂದು ಉದ್ದ ರಾತ್ರಿ ಗಿಡಕ್ಕೆ ಎರಡು ಸಣ್ಣ ರಾತ್ರಿಗಳಂತೆ ಆಗುತ್ತದೆ. ಹಗಲು-ರಾತ್ರಿಯ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲೇ ತಂಬಾಕು ಗಿಡದ ಮೇಲೆ ತೋರಿಸಿಕೊಟ್ಟಿದ್ದರು.

ಚಿಕ್ಕಬಳ್ಳಾಪುರ ಕಡೆ ರಾತ್ರಿ ಸೇವಂತಿಗೆ ಹೊಲದಲ್ಲಿ ಸಾಲು ಸಾಲು ಬಲ್ಬ್ ಉರಿಸೋದನ್ನು ನೀವು ನೋಡಿರಬಹುದು. ಗಿಡ ಎತ್ತರ ಬೆಳೆಯುವ ತನಕ ಹೂ ಬಿಡದಂತೆ ತಡೆಯಲು ಅವರು ಬೇಕೆಂದೇ ಹಾಗೆ ಮಾಡ್ತಾರೆ. ನಾನು ಗೊತ್ತಿಲ್ಲದೆ ಅದನ್ನೇ ಮಾಡಿದ್ದೆ!

ಏನು ಮಾಡಬೇಕು?

1. ರಾತ್ರಿ ಗಿಡದ ಹತ್ತಿರ ನಿಂತು ನೋಡಿ. ಪೇಪರ್ ಓದುವಷ್ಟು ಬೆಳಕಿದ್ದರೆ ಕುಂಡವನ್ನು ಕತ್ತಲಿರುವ ಹಿತ್ತಲಿಗೆ ಸಾಗಿಸಿ.
2. ಬೀದಿ ದೀಪ ತಪ್ಪಿಸಲು ಆಗದಿದ್ದರೆ ಸಂಜೆ 6ರಿಂದ ಬೆಳಿಗ್ಗೆ 7ರವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಿ. ಮೊಗ್ಗಿನಲ್ಲಿ ಬಣ್ಣ ಕಾಣುವ ತನಕ ಒಂದು ದಿನವೂ ತಪ್ಪಿಸಬೇಡಿ.
3. ಹಗಲು ಚೆನ್ನಾಗಿ ಬಿಸಿಲು ಬೀಳಲಿ. ನೆರಳಲ್ಲಿಟ್ಟರೆ ಕತ್ತಲೆಯೊಂದರಿಂದಲೇ ಹೂ ಬರಲ್ಲ.
4. ಯೂರಿಯಾ ನಿಲ್ಲಿಸಿ. ಈ ಹಂತದಲ್ಲಿ ಕುಡಿ ಚಿವುಟಬೇಡಿ, ಮೊಗ್ಗು ಬರೋದು ಅಲ್ಲಿಂದಲೇ.

ಗುಲಾಬಿಗೆ ಈ ಲೆಕ್ಕ ಅನ್ವಯಿಸಲ್ಲ. ಅದಕ್ಕೆ ಬಿಸಿಲು ಮತ್ತು ಸರಿಯಾಗಿ ಸವರುವುದೇ ಮುಖ್ಯ.

ಹಿತ್ತಲಿಗೆ ಇಟ್ಟ ಸುಮಾರು ಒಂದು ತಿಂಗಳಿಗೆ ನನ್ನ ಕುಂಡದಲ್ಲಿ ಮೊಗ್ಗು ಕಂಡಿತು, ಡಿಸೆಂಬರ್ ಕೊನೆಗೆ ಹೂವಾಯ್ತು. ಮೊದಲ ಹೂ ಅಮ್ಮನ ಮುಡಿಗೆ. ಪಂಪ್ ಮನೆ ಬಲ್ಬಿಗೆ ಈಗ ಸ್ವಿಚ್ ಹಾಕಿಸಿದ್ದೇನೆ, ಬೇಕಾದಾಗ ಮಾತ್ರ ಉರಿಸ್ತೀನಿ. ನಿಮ್ಮ ಹೊಲದ ಅಂಚಿನ ದೀಪಗಳನ್ನೂ ಇವತ್ತು ರಾತ್ರಿಯೇ ಒಮ್ಮೆ ನೋಡಿ ಬನ್ನಿ.