ಕಳವಿನಿಂದ ಕಳ್ಳಹೆಜ್ಜೆಗೆ: ‘ಸ್ಟೀಲ್’ ಪದದ ಅರ್ಥವಿಸ್ತಾರ

ಸದ್ದಿಲ್ಲದೆ, ಪರರ ಕಣ್ಣಿಗೆ ಬೀಳದೆ ಚಲಿಸುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ‘ಸ್ಟೀಲ್’ ಒಂದು. ಉಕ್ಕು ಎಂಬ ಅರ್ಥದ ‘ಸ್ಟೀಲ್’ ಉಚ್ಚಾರಣೆಯಲ್ಲಿ ಇದನ್ನೇ ಹೋಲುವುದಾದರೂ ಬೇರೆಯೇ ಪದ. ಇದರ ಮೂಲಾರ್ಥ ಕದಿಯುವುದು. ಕದಿಯುವ ಪದ ನಡೆಯುವ ಪದವಾದುದು ಹೇಗೆ?

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಸ್ಟೆಲನ್’. ಜರ್ಮನ್ನಿನ ‘ಷ್ಟೇಲೆನ್’ ಇದರ ಜ್ಞಾತಿಪದ. ಜರ್ಮನಿಕ್ ವರ್ಗದ ಆಚೆಗೆ ಖಚಿತವಾದ ಜ್ಞಾತಿಪದ ದೊರೆತಿಲ್ಲ. ಹಳೆಯ ಇಂಗ್ಲಿಷಿನ ಕೊನೆಯ ಘಟ್ಟದಲ್ಲಿಯೇ ‘ಅರಿವಿಗೆ ಬಾರದಂತೆ ಜಾರಿಕೊಳ್ಳು’ ಎಂಬ ಅಕರ್ಮಕ ಪ್ರಯೋಗವೂ ತಲೆದೋರಿತು. ಕಳವಿನಲ್ಲಿ ಪರವಸ್ತುವಿನ ಅಪಹರಣವೂ ಇದೆ, ಮರೆಯೂ ಇದೆ. ಅಪಹರಣ ಕಳಚಿಹೋಗಿ ಮರೆಯೊಂದೇ ಉಳಿದಾಗ ಚಲನೆಯ ಅರ್ಥ ಹುಟ್ಟುತ್ತದೆ. ಇದೇ ಮೂಲದ ‘ಸ್ಟೆಲ್ತ್’ ಎಂಬ ನಾಮಪದ 13ನೆಯ ಶತಮಾನದಲ್ಲಿ ಕಳವನ್ನೇ ಸೂಚಿಸುತ್ತಿತ್ತು. ಇಂದು ಆ ಅರ್ಥ ಲುಪ್ತವಾಗಿ ಗೋಪ್ಯತೆಯಷ್ಟೇ ಉಳಿದಿದೆ. ಲ್ಯಾಟಿನ್ನಿನಲ್ಲಿ ಕಳ್ಳನಿಗೆ ‘ಫೂರ್’ ಎಂದು ಹೆಸರು. ಕದ್ದುಮುಚ್ಚಿ ಮಾಡುವ ಕ್ರಿಯೆಗೆ ಇಂಗ್ಲಿಷ್ ಹೇಳುವ ‘ಫರ್ಟಿವ್’ ಅದರಿಂದಲೇ ಬಂದದ್ದು.

ಕನ್ನಡವೂ ಸ್ವತಂತ್ರವಾಗಿ ಇದೇ ದಾರಿಯನ್ನು ತುಳಿದಿದೆ. ‘ಕದ್ದು ನೋಡು’, ‘ಕದ್ದು ಕೇಳು’ ಎನ್ನುವಲ್ಲಿ ಯಾರ ಸೊತ್ತೂ ಕಳುವಾಗಿಲ್ಲ; ‘ಕದ್ದು’ ಅಲ್ಲಿ ರೀತಿವಾಚಕ. ‘ಕಳ್ಳಹೆಜ್ಜೆ’, ‘ಕಳ್ಳನೋಟ’, ‘ಕಳ್ಳದಾರಿ’ಗಳಲ್ಲಿ ‘ಕಳ್ಳ’ ವಿಶೇಷಣವಾಗಿದೆ. ‘ಮೈಗಳ್ಳ’ನಂತೂ ತನ್ನ ಮೈಯನ್ನೇ ದುಡಿಮೆಯಿಂದ ಕದ್ದವನು! ಸೋದರಭಾಷೆಯಾದ ತಮಿಳಿನಲ್ಲಿ ‘ಕಳವು’ ವಿವಾಹಪೂರ್ವದ ಗುಪ್ತಪ್ರೇಮಕ್ಕೆ ಶಾಸ್ತ್ರೀಯ ಪರಿಭಾಷೆಯೇ ಆಗಿದ್ದು, ‘ತೊಲ್ಕಾಪ್ಪಿಯಂ’ ಅದಕ್ಕೆ ‘ಕಳವಿಯಲ್’ ಎಂಬ ಪ್ರತ್ಯೇಕ ಪ್ರಕರಣವನ್ನು ಮೀಸಲಿರಿಸಿದೆ.

ಆದರೆ ಒಂದು ವ್ಯತ್ಯಾಸವನ್ನು ಅನುವಾದಕರು ಮರೆಯುವಂತಿಲ್ಲ. ‘ಸ್ಟೆಲ್ತ್’ ಕಳವಿನ ಕಳಂಕವನ್ನು ಬಹುಮಟ್ಟಿಗೆ ತೊಳೆದುಕೊಂಡಿದೆ. ಕನ್ನಡದ ‘ಕಳ್ಳ’ ಹಾಗಲ್ಲ. ಬೆಣ್ಣೆಕಳ್ಳನನ್ನು ಮುದ್ದಿನಿಂದ ಕರೆಯುತ್ತೇವೆ, ನಿಜ. ಆದರೂ ‘ಕಳ್ಳಸಾಗಣೆ’, ‘ಕಳ್ಳನೋಟು’ಗಳಲ್ಲಿ ಅಪರಾಧದ ಛಾಯೆ ಅಳಿದಿಲ್ಲ. ರಾಡಾರಿಗೆ ಸುಲಭವಾಗಿ ಸಿಕ್ಕದ ಎಫ್-117 ವಿಮಾನದ ಇರವನ್ನು ಅಮೆರಿಕ 1988ರಲ್ಲಿ ಬಹಿರಂಗಪಡಿಸಿತು. ಇಂಥ ‘ಸ್ಟೆಲ್ತ್’ ವಿಮಾನವನ್ನು ‘ಕಳ್ಳವಿಮಾನ’ ಎಂದರೆ ಕಳ್ಳಸಾಗಣೆಯ ನೆನಪು ಬರುತ್ತದೆ; ‘ರಹಸ್ಯವಿಮಾನ’ ಎಂದರೆ ಇರವೇ ಗುಟ್ಟೆಂದಾಗುತ್ತದೆ, ಆದರೆ ಇರವು ಬಯಲಾದ ಮೇಲೂ ಅದು ‘ಸ್ಟೆಲ್ತ್’ ವಿಮಾನವೇ. ‘ಕಣ್ಮರೆ ವಿಮಾನ’ ಎಂದರೆ ಕಾಣೆಯಾದ ವಿಮಾನವೆಂಬ ಭ್ರಮೆ. ನನಗೆ ‘ಮರೆಸಂಚಾರಿ’ ಎಂಬ ರೂಪ ಹೆಚ್ಚು ಸಮೀಪದ್ದೆಂದು ತೋರುತ್ತದೆ: ಅದರಲ್ಲಿ ಮರೆಯೂ ಚಲನೆಯೂ ಉಳಿದು, ಕಳವು ಬಿಟ್ಟುಹೋಗಿದೆ.