ಬಂದೂಕು ಕಾಣದಾದಾಗ: ಠಾಣೆ ರೈಟರ್ ಮೇಜಿನ ಪಾಠಗಳು

ಬಳ್ಳಾರಿ ಸೀಮೆಯಲ್ಲಿ ಬಂದೂಕಿನ ಲೈಸೆನ್ಸ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಮೂರು ಬಗೆ. ತುಂಗಭದ್ರಾ ಕಾಲುವೆ ನೀರಿನ ಮೇಲೆ ಕುರುಗೋಡು, ಸಿರುಗುಪ್ಪ ಕಡೆ ಭತ್ತ, ಮೆಣಸಿನಕಾಯಿ ಬೆಳೆಯುವ ಹಳೇ ಮನೆತನದವರು. ಮಿಲಿಟರಿಯಿಂದ ಬಂದು ಬ್ಯಾಂಕು, ಎಟಿಎಂ ಗಾಡಿ ಕಾಯುವ ಮಾಜಿ ಸೈನಿಕರು. ಕುಡತಿನಿ, ತೋರಣಗಲ್ಲು ಸುತ್ತ ಗುತ್ತಿಗೆ, ಗಣಿ, ಲಾರಿ ವ್ಯವಹಾರದಲ್ಲಿ ನಗದು ಓಡಾಡಿಸುವವರು. ಈ ಮೂರೂ ಬಗೆಯವರು ನನ್ನ ಮೇಜಿನ ಮುಂದೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಒಂದೇ ಮಾತು ಹೇಳಿದ್ದಾರೆ: "ಸಾರ್, ಗನ್ ಕಾಣವಲ್ದು."

ನಿವೃತ್ತಿಯಾಗುವವರೆಗೆ ಈ ಭಾಗದ ಠಾಣೆಗಳಲ್ಲಿ ನಾನು ಮಾಡಿದ್ದು ರೈಟರ್ ಕೆಲಸ. ದೂರು ಬರೆದುಕೊಳ್ಳುವುದು, ರಿಜಿಸ್ಟರ್ ತುಂಬುವುದು, ಡಿಸಿ ಆಫೀಸಿಗೆ ವರದಿ ಸಿದ್ಧ ಮಾಡುವುದು. ಆ ಅನುಭವದಿಂದ ಹೇಳುತ್ತೇನೆ: ಬಂದೂಕು ಕಳೆದುಕೊಂಡವನನ್ನು ಮುಳುಗಿಸುವುದು ಅವನು ಬಾಯಿ ಮುಚ್ಚಿಕೊಂಡು ಕೂತ ದಿನಗಳು. ಕಳೆದ ದಿನವೇ ಬಂದವನಿಗೆ ಪೊಲೀಸರೂ ಡಿಸಿ ಆಫೀಸೂ ಕೇಳುವ ಪ್ರಶ್ನೆಗಳು ಬೇರೆ, ತಿಂಗಳು ಬಿಟ್ಟು ಬಂದವನಿಗೆ ಕೇಳುವ ಪ್ರಶ್ನೆಗಳೇ ಬೇರೆ.

1. ಹುಡುಕಾಟಕ್ಕೆ ಗಡಿ ಹಾಕಿಕೊಳ್ಳಿ

ಬಂದೂಕು ಇಟ್ಟ ಜಾಗದಲ್ಲಿಲ್ಲ ಎಂದು ಗೊತ್ತಾದ ಕೂಡಲೇ ಮೊದಲು ಮನೆಯ ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ. ಅದು ಮನೆಯಲ್ಲೇ ಎಲ್ಲೋ ಇದ್ದು, ನಿಮಗಿಂತ ಮೊದಲು ಎಂಟು ವರ್ಷದ ಹುಡುಗನ ಕೈಗೆ ಸಿಕ್ಕರೆ ಆಮೇಲೆ ಯಾವ ದೂರೂ ಉಪಯೋಗಕ್ಕಿಲ್ಲ. ತೋಟಾ ತೆಗೆದಿದ್ದೆ ಎಂಬ ನಿಮ್ಮ ನೆನಪನ್ನು ಆ ಹೊತ್ತಿಗೆ ನಂಬಬೇಡಿ.

ಆಮೇಲೆ ಮನೆಯವರೆಲ್ಲರನ್ನೂ ಕೂಡಿಸಿ ಕೇಳಿ. ಸುಣ್ಣ ಬಳಿಯುವಾಗ ಸೊಸೆ ಟ್ರಂಕಿಗೆ ಎತ್ತಿಟ್ಟಿರುತ್ತಾಳೆ, ನೆಂಟರು ಬಂದಾಗ ಅಣ್ಣ ಅಟ್ಟಕ್ಕೆ ಸರಿಸಿರುತ್ತಾನೆ. ಮನೆ, ಕಣಜ, ಜೀಪು, ಟ್ರ್ಯಾಕ್ಟರಿನ ಟೂಲ್ ಬಾಕ್ಸು, ಹೊಲದ ಪಂಪ್‌ಸೆಟ್ ರೂಮು. ಒಂದೇ ಸುತ್ತು. ಸಿಗಲಿಲ್ಲವೆಂದರೆ ಚಪ್ಪಲಿ ಮೆಟ್ಟಿ ಠಾಣೆಗೆ ಹೊರಡಿ. ಬಂದೂಕು ಕಳೆದರೆ, ಕಳುವಾದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು ಎಂಬುದು ಲೈಸೆನ್ಸಿನ ಷರತ್ತಿನಲ್ಲೇ ಇದೆ. ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 30ರಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಷರತ್ತುಗಳನ್ನು ಓದಿಕೊಂಡು ಬಂದವರನ್ನು ನಾನು ಕಂಡಿದ್ದು ಅಪರೂಪ.

ಮರ್ಯಾದಸ್ಥ ಮನೆಯವರು ಜಾಸ್ತಿ ತಡ ಮಾಡುತ್ತಾರೆ. "ಊರಾಗ ಗೊತ್ತಾದ್ರ ಏನಂತಾರ" ಎಂದು ದೇವರಲ್ಲಿ ಹೇಳಿಕೆ ಕೇಳಿಸಿ, ಅಂಜನ ಹಾಕಿಸಿ, ಹದಿನೈದು ದಿನ ಕಳೆದು ಬಂದ ಹಿರಿಯರನ್ನು ಕಂಡು ಮನಸ್ಸಿಗೆ ಬಹಳ ನೋವಾಗಿದೆ. ಆ ಹದಿನೈದು ದಿನದಲ್ಲಿ ಆ ಬಂದೂಕಿನಿಂದ ಯಾರಾದರೂ ಸತ್ತಿದ್ದರೆ, ತನಿಖೆಯ ಮೊದಲ ಹೆಸರು ಲೈಸೆನ್ಸ್‌ದಾರರದ್ದೇ. ಹಾರಿದ ತೋಟಾದ ಹಿಂಬದಿಯ ಗುರುತು ನೋಡಿ ಯಾವ ಬಂದೂಕಿನದೆಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಬಲ್ಲದು.

2. ಎಲ್ಲಾದರೂ ಡೆಪಾಸಿಟ್ ಮಾಡಿದ್ದೀರಾ, ನೋಡಿ

ಚುನಾವಣೆ ಘೋಷಣೆಯಾದರೆ ಬಂದೂಕು ಠಾಣೆಗೆ ಒಪ್ಪಿಸಲು ಜಿಲ್ಲಾಡಳಿತ ಆದೇಶ ಮಾಡುತ್ತದೆ. ನಮ್ಮ ಜಿಲ್ಲೆಯಲ್ಲಿ 2024ರ ಮೇ 7ಕ್ಕೆ ಲೋಕಸಭೆ ಮತದಾನ, ಅದೇ ವರ್ಷ ನವೆಂಬರ್ 13ಕ್ಕೆ ಸಂಡೂರು ಉಪಚುನಾವಣೆ. ಒಂದರ ಹಿಂದೆ ಒಂದು ಬಂದಾಗ, ಒಪ್ಪಿಸಿದ್ದನ್ನು ವಾಪಸು ತರಲಿಕ್ಕೇ ಜನ ಮರೆಯುತ್ತಾರೆ. ಮಗ ಒಪ್ಪಿಸಿ ಬೆಂಗಳೂರಿಗೆ ಹೋಗಿರುತ್ತಾನೆ, ಅಪ್ಪ ಮನೆಯೆಲ್ಲ ತಡಕಾಡುತ್ತಿರುತ್ತಾರೆ, ಬಂದೂಕು ಠಾಣೆಯ ರ‍್ಯಾಕಿನಲ್ಲಿ ಚೀಟಿ ಕಟ್ಟಿಸಿಕೊಂಡು ನಿಂತಿರುತ್ತದೆ. ರಸೀದಿಯನ್ನು ಲೈಸೆನ್ಸ್ ಪುಸ್ತಕದೊಳಗೇ ಇಡಿ. ರಿಪೇರಿಗೆ ಬಂದೂಕು ಅಂಗಡಿಗೆ ಕೊಟ್ಟಿದ್ದರೂ ರಸೀದಿ ಬೇಕೇ ಬೇಕು.

3. ನಂಬರು ಗೊತ್ತಿರಲಿ

ಇದು ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವ ಪಾಠ. "ಏನು ಬಂದೂಕು?" ಎಂದರೆ "ಡಬಲ್ ಬ್ಯಾರೆಲ್, ನಮ್ಮಪ್ಪಂದು" ಎನ್ನುತ್ತಾರೆ. ಅಷ್ಟು ಹೇಳಿ ವೈರ್‌ಲೆಸ್ ಸಂದೇಶ ಕೊಟ್ಟರೆ ಯಾವ ಚೆಕ್‌ಪೋಸ್ಟಿನಲ್ಲಿ ಯಾರು ಏನು ಗುರುತು ಹಿಡಿಯಬೇಕು? ತಯಾರಿಸಿದ ಕಂಪನಿ, ಬೋರು, ನಂಬರು ಈ ಮೂರೂ ಇದ್ದರಷ್ಟೇ ಅದು ನಿಮ್ಮ ಬಂದೂಕು.

ಹನ್ನೆರಡು ಬೋರಿನ ಹಳೇ ಡಬಲ್ ಬ್ಯಾರೆಲ್ಲಿನಲ್ಲಿ ನಂಬರು ಮೇಲುನೋಟಕ್ಕೆ ಕಾಣುವುದಿಲ್ಲ. ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಂಡು, ಬಂದೂಕನ್ನು ಮಡಚಿ, ನಳಿಗೆ ಕೆಳಗಿನ ಮರದ ತುಂಡನ್ನು ಬಿಚ್ಚಿ, ನಳಿಗೆ ಬೇರೆ ಮಾಡಿದರೆ ಅದರ ಹೊಟ್ಟೆಯ ಚಪ್ಪಟೆ ಭಾಗದಲ್ಲಿ ಕೊರೆದ ಅಂಕಿ ಕಾಣುತ್ತದೆ. ಹಳೇ ಎಣ್ಣೆ, ಧೂಳು ಸೇರಿ ಅದು ಕರಿಗಟ್ಟಿರುತ್ತದೆ. ಒಣಬಟ್ಟೆಯಿಂದ ಒರೆಸಿ, ಬಿಳಿ ಸೀಮೆಸುಣ್ಣ ಉಜ್ಜಿ, ಮೇಲಿನ ಪುಡಿಯನ್ನು ಬೆರಳಿನಿಂದ ಸವರಿ ತೆಗೆಯಿರಿ. ಕೊರೆದ ಗೆರೆಗಳಲ್ಲಿ ಸುಣ್ಣ ನಿಂತು ಅಂಕಿ ಬೆಳ್ಳಗೆ ಎದ್ದು ಬರುತ್ತದೆ. ಆಗ ಫೋಟೊ ತೆಗೆಯಿರಿ, ಲೈಸೆನ್ಸಿನಲ್ಲಿರುವ ಅಂಕಿಗೆ ಹೋಲಿಸಿ. ಪುಸ್ತಕದಲ್ಲಿ 3 ಇದ್ದು ನಳಿಗೆ ಮೇಲೆ 8 ಇರುವುದನ್ನು ನಾನು ನೋಡಿದ್ದೇನೆ. ನವೀಕರಣದಿಂದ ನವೀಕರಣಕ್ಕೆ ತಪ್ಪು ಅಂಕಿಯೇ ಸಾಗಿ ಬಂದಿತ್ತು. ಬಂದೂಕು ಕೈಯಲ್ಲಿರುವಾಗ ಅದನ್ನು ತಿದ್ದಿಸುವುದು ಸುಲಭ. ಕಳೆದ ಮೇಲೆ ಆ ಒಂದು ಅಂಕಿಗೆ ಎಷ್ಟು ಸಲ ಬಳ್ಳಾರಿಗೆ ಅಲೆಯಬೇಕೋ ದೇವರಿಗೇ ಗೊತ್ತು.

ಆಯುಧ ಪೂಜೆಗೆ ಹೇಗೂ ಬಂದೂಕು ಹೊರಗೆ ತೆಗೆದು ಒರೆಸಿ ಕುಂಕುಮ ಹಚ್ಚುತ್ತೀರಿ. ನಂಬರು ನೋಡುವುದಕ್ಕೂ ತೋಟಾ ಎಣಿಸುವುದಕ್ಕೂ ಅದೇ ದಿನ ಒಳ್ಳೆಯದು. ಲೈಸೆನ್ಸಿನ ಮೇಲಿರುವ ಯುಐಎನ್ ಸಂಖ್ಯೆಯನ್ನೂ ಆ ಫೋಟೊ ಜೊತೆ ಬರೆದಿಡಿ. ದೇಶದ ಲೈಸೆನ್ಸುಗಳ ಗಣಕ ದಾಖಲೆಯಲ್ಲಿ ನಿಮ್ಮನ್ನು ಹುಡುಕುವುದು ಆ ಸಂಖ್ಯೆಯಿಂದ.

4. ದೂರಿನಲ್ಲಿ ಕಣ್ಣಾರೆ ಕಂಡಿದ್ದನ್ನೇ ಬರೆಯಿರಿ

ಕೊನೆಯ ಸಲ ಬಂದೂಕನ್ನು ಸ್ವಂತ ಕಣ್ಣಿಂದ ನೋಡಿದ್ದು ಯಾವಾಗ, ಎಲ್ಲಿ? ದೂರಿನ ಜೀವಾಳ ಇಷ್ಟೇ. ಕಪಾಟಿನ ಬಾಗಿಲು ನೋಡಿದ್ದು, ಚೀಲ ನೋಡಿದ್ದು, ಬಂದೂಕು ನೋಡಿದಂತಲ್ಲ. ಆರು ತಿಂಗಳಿಂದ ನೋಡಿಲ್ಲವೆಂದರೆ ಹಾಗೇ ಹೇಳಿ. ನಾಚಿಕೆಗೆ ನಿನ್ನೆ ನೋಡಿದ್ದೆ ಎಂದು ಬರೆಸಿದರೆ ತನಿಖೆ ಒಂದು ದಿನದ ಸಿಸಿಟಿವಿ ನೋಡಿ ಕೈಬಿಡುತ್ತದೆ. ಸುಳ್ಳು ಹೊರಬಿದ್ದ ಮೇಲೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಕಳೆದಿದ್ದೋ ಕಳುವಾಗಿದ್ದೋ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಬೀಗ ಮುರಿದಿದ್ದರೆ ಮುಟ್ಟಬೇಡಿ, ಪೊಲೀಸರು ಬಂದು ಮಹಜರು ಮಾಡಲಿ. ತೋಟಾದ ಲೆಕ್ಕ ಮರೆಯಬೇಡಿ: ಲೈಸೆನ್ಸಿನಲ್ಲಿ ನಮೂದಾಗಿರುವ ಖರೀದಿ ಎಷ್ಟು, ಖರ್ಚಾಗಿದ್ದು ಎಷ್ಟು, ಮನೆಯಲ್ಲಿ ಉಳಿದಿದ್ದು ಎಷ್ಟು. ಬಂದೂಕು ಇದ್ದು ತೋಟಾ ಮಾತ್ರ ಕಾಣೆಯಾದರೂ ಠಾಣೆಗೆ ಹೇಳಲೇಬೇಕು.

ದಿನಾಂಕ, ಸಮಯ, ಮೊಹರು ಇರುವ ಸ್ವೀಕೃತಿ ಇಲ್ಲದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ನೀವು ತಡ ಮಾಡಲಿಲ್ಲ ಎನ್ನುವುದಕ್ಕೆ ಮುಂದೆ ಅದೊಂದೇ ಸಾಕ್ಷಿ. ಮೊಬೈಲು, ಅಂಕಪಟ್ಟಿ ಕಳೆದಾಗ ಆ್ಯಪಿನಲ್ಲಿ ಇ-ಲಾಸ್ಟ್ ವರದಿ ತೆಗೆದಂತೆ ಬಂದೂಕಿಗೂ ತೆಗೆದು ಮುಗಿಸಿದೆ ಎಂದುಕೊಳ್ಳುವವರಿದ್ದಾರೆ. ಅದು ಸಾಲದು, ಖುದ್ದು ಹೋಗಿ.

5. ಕೂಲಿಯವರ ಮೇಲೆ ಕೈ ಮಾಡಬೇಡಿ

ಬಂದೂಕು ಕಾಣದಾದ ಮನೆಯಲ್ಲಿ ಮೊದಲ ಸಂಶಯ ಬೀಳುವುದು ಜೀತಕ್ಕಿದ್ದವನಂತೆ ದುಡಿಯುವ ಬಡವನ ಮೇಲೆ: ಟ್ರ್ಯಾಕ್ಟರ್ ಡ್ರೈವರು, ಮೆಣಸಿನಕಾಯಿ ಬಿಡಿಸಲು ಬಂದ ಹೆಣ್ಣುಮಕ್ಕಳು, ದನ ಕಾಯುವ ಹುಡುಗ. ಕೊಟ್ಟಿಗೆಯಲ್ಲಿ ಕೂಡಿಹಾಕಿ ಬಾಯಿ ಬಿಡಿಸಲು ನೋಡಿದ ಯಜಮಾನರೊಬ್ಬರು ಬಂದೂಕಿನ ದೂರು ಕೊಡಲು ಬಂದು ತಾವೇ ಆರೋಪಿಯಾದರು. ಬಂದೂಕು ಸಿಕ್ಕಿದ್ದು ಅವರ ಸೋದರಳಿಯನ ಕಾರಿನಲ್ಲಿ. ಹೊಡೆಸಿಕೊಂಡ ಆ ಡ್ರೈವರು ಮತ್ತೆ ಆ ಊರಿಗೆ ಬರಲೇ ಇಲ್ಲ. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ. ಸಂಶಯವಿದ್ದರೆ ಕಾರಣದ ಸಮೇತ ದೂರಿನಲ್ಲಿ ಬರೆಯಿರಿ, ಕಾರಣವಿಲ್ಲದಿದ್ದರೆ ಯಾರ ಹೆಸರನ್ನೂ ಬರೆಯಬೇಡಿ. ವಿಚಾರಣೆ ಪೊಲೀಸರ ಕೆಲಸ. ಮನೆಯ ಗಂಡುಮಕ್ಕಳು, ಅಳಿಯಂದಿರು, ಅವರ ಗೆಳೆಯರನ್ನೂ ಪೊಲೀಸರು ಕೇಳುತ್ತಾರೆ. ಅದಕ್ಕೆ ಅಡ್ಡ ಬರಬೇಡಿ.

6. "ನಮ್ಮ ಸರಹದ್ದಲ್ಲ" ಎಂದರೆ

67ನೇ ಹೆದ್ದಾರಿ ಬದಿಯ ಢಾಬಾದಲ್ಲಿ ಊಟಕ್ಕೆ ಇಳಿದಾಗ ಸೀಟಿನ ಕೆಳಗಿದ್ದ ರಿವಾಲ್ವರ್ ಹೋದರೆ, ಢಾಬಾ ಕುಡತಿನಿಗೆ ಸೇರುತ್ತದೋ ತೋರಣಗಲ್ಲಿಗೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಷರತ್ತಿನಲ್ಲಿರುವುದು ಹತ್ತಿರದ ಠಾಣೆ. ಕಳವು ಎಂದಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಸರಹದ್ದು ಯಾವುದಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ದಾಖಲಿಸದಿದ್ದರೆ ಅದೇ ಕಲಮಿನಡಿ ಎಸ್‌ಪಿಗೆ ಬರಹದಲ್ಲಿ ಅಂಚೆ ಮೂಲಕ ಕಳಿಸಬಹುದು. ರೈಲಿನಲ್ಲಿ ಬಂದೂಕು ಕಳೆದರೆ ಮುಂದಿನ ನಿಲ್ದಾಣದ ರೈಲ್ವೆ ಪೊಲೀಸರಿಗೆ ಹೇಳಿ, ಊರಿಗೆ ಬಂದು ನಿಮ್ಮ ಠಾಣೆಗೂ ಹೇಳಿ.

ಗಡಿ ಜಿಲ್ಲೆಯ ನಮಗೆ ಇನ್ನೊಂದು ತೊಡಕಿದೆ. ಸಿರುಗುಪ್ಪ ದಾಟಿದರೆ ಆದೋನಿ, ಬಳ್ಳಾರಿ ದಾಟಿದರೆ ಗುಂತಕಲ್ಲು. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಸಿಂಧುವಾಗಿದ್ದು, ಮದುವೆಗೆಂದು ಆಂಧ್ರಕ್ಕೆ ಒಯ್ದು ಅಲ್ಲಿ ಕಳೆದವರು ಇಲ್ಲೇ ಕಳೆಯಿತು ಎಂದು ಬರೆಸಲು ನೋಡುತ್ತಾರೆ. ಗಡಿ ದಾಟಿಸಿದ್ದು ತಪ್ಪು, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆದರೆ ಜಾಗ ಸುಳ್ಳು ಹೇಳಿದರೆ ಆದೋನಿಯಲ್ಲಿರುವ ಬಂದೂಕನ್ನು ಕುರುಗೋಡಿನಲ್ಲಿ ಹುಡುಕಿದಂತಾಗುತ್ತದೆ, ಅದು ಸಿಗುವುದೇ ಇಲ್ಲ.

7. ಡಿಸಿ ಆಫೀಸಿಗೆ ನೀವೇ ತಿಳಿಸಿ

ಠಾಣೆಯಿಂದ ವರದಿ ಹೋಗುತ್ತದೆ. ಆದರೂ ದೂರಿನ ಪ್ರತಿ ಹಚ್ಚಿ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗಕ್ಕೆ ನೀವೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ, ಹಿಂದೆ ಬಳ್ಳಾರಿಯಲ್ಲಿ ಲೈಸೆನ್ಸ್ ಪಡೆದ ಹೊಸಪೇಟೆ, ಹಡಗಲಿ ಕಡೆಯವರು ಈಗ ತಮ್ಮ ಕಡತ ಯಾವ ಕಚೇರಿಯಲ್ಲಿದೆ ಎಂದು ಮೊದಲೇ ವಿಚಾರಿಸಿಕೊಂಡಿರುವುದು ಒಳ್ಳೆಯದು. ಕಲಂ 17ರಲ್ಲಿ ಲೈಸೆನ್ಸ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಕಚೇರಿಗಿದೆ. ನೋಟಿಸ್ ಬಂದರೆ ಹೆದರಿ ಮಡಚಿಡಬೇಡಿ, ಉತ್ತರ ಬರೆಯಿರಿ. ಕಲಂ 18ರಲ್ಲಿ ಮೇಲ್ಮನವಿಗೂ ಅವಕಾಶವಿದೆ.

"ಕೊಡಗಿನಾಗ ಲೈಸೆನ್ಸೇ ಬೇಕಿಲ್ಲಂತ, ನಮಗ್ಯಾಕ ಇಷ್ಟೆಲ್ಲ?" ಎಂದು ಕೇಳುತ್ತಾರೆ. ಅಲ್ಲಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ, 2029ರವರೆಗೆ. ನಮಗೆ ಅನ್ವಯಿಸುವುದಿಲ್ಲ.

8. ಸತ್ತವರ ಬಂದೂಕು

ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಬಂದೂಕು ಅಟ್ಟ ಸೇರುತ್ತದೆ. ಆಸ್ತಿ ಪಾಲಾಗುವಾಗ ಅದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ವರ್ಷಗಳಾದ ಮೇಲೆ ನೋಡಿದರೆ ಇರುವುದೂ ಇಲ್ಲ. ಯಜಮಾನರು ಹೋದ ಮೇಲೆ ಬಂದೂಕನ್ನು ತಡವಿಲ್ಲದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕೆಂದು ಕಲಂ 21 ಹೇಳುತ್ತದೆ. ವಾರಸುದಾರರು ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಇರಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ, ಅದನ್ನೂ ನೋಡಿಕೊಳ್ಳಿ. ಈ ಸಂಗತಿ ಯಾವುದೂ ಗೊತ್ತಿಲ್ಲದ ವಿಧವೆಯರು ಭಯದಿಂದ ನಡುಗುತ್ತ ಠಾಣೆಗೆ ಬರುತ್ತಾರೆ. ಅಣ್ಣತಮ್ಮಂದಿರು ಜೊತೆಗೆ ಬನ್ನಿ.

9. ಸಿಕ್ಕಿದರೆ

ದೂರು ಕೊಟ್ಟ ಮೇಲೆ ಬಂದೂಕು ಮನೆಯಲ್ಲೇ ಸಿಕ್ಕರೆ ಸುಮ್ಮನಾಗಬೇಡಿ. ಸಿಕ್ಕಿತು ಎನ್ನುವುದನ್ನೂ ಬರೆದುಕೊಟ್ಟು, ಬಂದೂಕು ತೋರಿಸಿ, ದಾಖಲೆಯಲ್ಲಿ ಸೇರಿಸಿ. ಇಲ್ಲವಾದರೆ ಮುಂದಿನ ನವೀಕರಣದಲ್ಲಿ ನಿಮ್ಮದೇ ಬಂದೂಕು ಕಾಣೆಯಾದ ಬಂದೂಕಾಗಿ ನಿಲ್ಲುತ್ತದೆ. ಪೊಲೀಸರು ಕಳ್ಳನಿಂದ ವಶಪಡಿಸಿಕೊಂಡಿದ್ದರೆ ನ್ಯಾಯಾಲಯದ ಆದೇಶ ತಂದು ಬಿಡಿಸಿಕೊಳ್ಳಬೇಕು, ಸ್ವಲ್ಪ ಕಾಲ ಹಿಡಿಯುತ್ತದೆ. ಬಹಳ ದಿನ ಹೊರಗಿದ್ದ ಬಂದೂಕಿಗೆ ತೋಟಾ ಹಾಕುವ ಮುನ್ನ ಬಲ್ಲವರಿಂದ ತಪಾಸಣೆ ಮಾಡಿಸಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ನಳಿಗೆಯ ತೂತು ಬಲು ಇಷ್ಟ. ಒಳಗೆ ಮಣ್ಣು ಕಟ್ಟಿದ ನಳಿಗೆ ಹಾರಿಸುವವನ ಕೈಯಲ್ಲೇ ಸಿಡಿಯುತ್ತದೆ.

ಬೇರೆಯವರ ಬಂದೂಕು ಹೊಲದಲ್ಲೋ ಕಾಲುವೆ ದಂಡೆಯಲ್ಲೋ ಕಂಡರೆ ಎತ್ತಿಕೊಂಡು ಬೈಕಿನಲ್ಲಿ ಠಾಣೆಗೆ ತರಬೇಡಿ. ಮುಟ್ಟದೆ ಅಲ್ಲೇ ಕಾವಲು ನಿಂತು 112ಕ್ಕೆ ಕರೆ ಮಾಡಿ.

ಲೈಸೆನ್ಸ್ ಇರುವ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ಈ ವಾರವೇ ಕಪಾಟು ತೆಗೆದು ಬಂದೂಕನ್ನು ಕಣ್ಣಾರೆ ನೋಡಿ, ನಂಬರು ಬರೆದುಕೊಳ್ಳಿ, ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಮನೆಯಲ್ಲಿ ತೀರ್ಮಾನ ಮಾಡಿ. ಅಲ್ಲಿ ಅದು ಇಲ್ಲದಿದ್ದರೆ ಇವತ್ತೇ ಠಾಣೆಗೆ ಹೋಗಿ.