ಮರಿಹಾವು ಯಾಕೆ ತಿನ್ನಲ್ಲ?

ಅಮೆರಿಕದಲ್ಲಿ ತುಂಬಾ ಜನ ಮನೆಯಲ್ಲಿ ಸಾಕೋ ಹಾವು ಕಾರ್ನ್ ಸ್ನೇಕ್. ವಿಷ ಇಲ್ಲ, ಸ್ವಭಾವವೂ ಸಾಧು. (ಹಾಸ್ಟೆಲ್ ಹಿಂದೆ ಸಿಕ್ಕ ಕೇರೆಹಾವಿನ ಮರಿ ಸಾಕೋ ಐಡಿಯಾ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.) ಆದರೆ ಮೊಟ್ಟೆಯಿಂದ ಹೊರಬಂದ ಕೆಲವು ಕಾರ್ನ್ ಸ್ನೇಕ್ ಮರಿಗಳು ಕೊಟ್ಟ ಇಲಿಮರಿಯನ್ನು ಮುಟ್ಟೋದೇ ಇಲ್ಲ.

ಇದು ಹಟ ಅಲ್ಲ. ಕಾಡಿನಲ್ಲಿ ಈ ಮರಿಗಳು ಚಿಕ್ಕ ಹಲ್ಲಿ, ಮರಗಪ್ಪೆಗಳನ್ನು ಹಿಡಿದು ತಿನ್ನುತ್ತವೆ. ಹಾವು ನಾಲಿಗೆ ಚಾಚಿ ವಾಸನೆಯ ಕಣಗಳನ್ನು ಬಾಯಿಯ ಮೇಲ್ಭಾಗದಲ್ಲಿರೋ ಜೇಕಬ್‌ಸನ್ ಅಂಗಕ್ಕೆ ತಲುಪಿಸುತ್ತೆ. ಇಲಿಯ ವಾಸನೆ ಅಲ್ಲಿ ಊಟ ಅಂತ ಮ್ಯಾಚ್ ಆಗದಿರಬಹುದು. ಸೆನ್ಸರ್ ಸರಿಯಾಗೇ ಇದೆ, ಬದಲಾಯಿಸಬೇಕಾದ್ದು ಇನ್‌ಪುಟ್. ಅದಕ್ಕೇ ಸಾಕೋರು ಫ್ರೀಜರ್‌ನ ಇಲಿಮರಿಯನ್ನು ಬಿಸಿನೀರಲ್ಲಿ ಕರಗಿಸಿ, ತೊಳೆದು ಅದರ ವಾಸನೆ ಕಡಿಮೆ ಮಾಡಿ, ಹಲ್ಲಿಯ ಮೈಗೆ ಉಜ್ಜಿ ಕೊಡ್ತಾರೆ. ಆಮೇಲೆ ಗಾಳಿತೂತಿರೋ ಪುಟ್ಟ ಡಬ್ಬಿಯಲ್ಲಿ ಹಾವು, ಊಟ ಎರಡನ್ನೂ ಹಾಕಿ ರಾತ್ರಿಯಿಡೀ ಕತ್ತಲಲ್ಲಿ ಬಿಡ್ತಾರೆ. ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದ್ರೆ ಮರಿ ಹೆದರುತ್ತೆ, ಅಷ್ಟೇ.

ಇದಕ್ಕೂ ಮುಂಚೆ ಎರಡು ವಿಷಯ. ಹುಟ್ಟಿ ಸುಮಾರು 7-10 ದಿನಕ್ಕೆ ಮೊದಲ ಪೊರೆ ಬಿಡೋವರೆಗೆ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಸಾಕು. ಪೆಟ್ಟಿಗೆಯ ಬೆಚ್ಚಗಿನ ಬದಿ 28-30 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿದ್ರೆ ತಿಂದದ್ದೂ ಅರಗಲ್ಲ.

ತಿನ್ನಲಿಲ್ಲವಾ? 5-7 ದಿನ ಕೈಹಾಕದೆ ಬಿಟ್ಟು ಮತ್ತೆ ಪ್ರಯತ್ನ. ಮರಿ ತೂಗೋದೇ ಹತ್ತು ಗ್ರಾಂ ಒಳಗೆ, ಹಾಗಾಗಿ ವಾರಕ್ಕೊಮ್ಮೆ ಸೂಕ್ಷ್ಮ ತಕ್ಕಡಿಯಲ್ಲಿ ಇಡಲೇಬೇಕು. ತೂಕ ಇಳೀತಾ ಹೋದ್ರೆ ಪಶುವೈದ್ಯರ ಹತ್ರ ಹೋಗಬೇಕು. ಬಾಯಿ ಬಿಡಿಸಿ ತುರುಕೋದು ಕೊನೇ ದಾರಿ, ಅದೂ ಅವರ ಕೈಯಲ್ಲೇ.